ಡಬ್ಬಿಯಲ್ಲಿ ಕಂಡ ಬಯಲು

ಬಯಲು ಶಿಬಿರ
ಮಾರ್ಚ್ 4

ಅಪ್ಪ,

ಬೇರೆಯವರ ಮನೆಯಲ್ಲಿ ದೂರ ಹೋದ ಮಕ್ಕಳು ಬಟ್ಟೆ ಕಳಿಸುತ್ತಾರೆ, ಸಿಹಿ ಕಳಿಸುತ್ತಾರೆ, ನಗುವ ಫೋಟೊ ಕಳಿಸುತ್ತಾರೆ. ನಮ್ಮ ಮನೆಯಲ್ಲಿ ಮಣ್ಣು! ಅಂಚೆ ಕಚೇರಿಯವನು ಡಬ್ಬಿ ಅಲ್ಲಾಡಿಸಿ, "ಇದರಲ್ಲಿ ಏನಿದೆ ಮೇಡಂ?" ಅಂದ. ಮಣ್ಣು ಅಂದೆ. ಮುಖ ಸಣ್ಣ ಮಾಡಿಕೊಂಡು, ದನಿ ತಗ್ಗಿಸಿ, "ಯಾರದು?" ಅಂದ. "ಯಾರೂ ಸತ್ತಿಲ್ಲಪ್ಪಾ, ಬರೀ ನೆಲದ್ದು" ಅಂದ ಮೇಲೆ ಮುದ್ರೆ ಒತ್ತಿದ.

ಈ ಸಲ ನನ್ನನ್ನು ಹಾಕಿರುವುದು ಹುಲ್ಲುಗಾವಲಿಗೆ. ಹುಲ್ಲಿನ ಬೇರು ಎಷ್ಟು ಆಳ ಹೋಗಿದೆ, ಯಾವ ಹಕ್ಕಿ ಎಲ್ಲಿ ಮೊಟ್ಟೆ ಇಟ್ಟಿದೆ, ಯಾವ ಮಂದೆ ಯಾವ ತಿಂಗಳು ಎಲ್ಲಿ ಮೇಯುತ್ತದೆ ಅಂತ ನಡೆದು ನೋಡಿ ಬರೆದುಕೊಳ್ಳುವ ಕೆಲಸ. ಕಣ್ಣು ಹಾಯುವಷ್ಟು ದೂರ ಒಂದೇ ಒಂದು ಮರ ಇಲ್ಲ. ಸೊಂಟದೆತ್ತರದ ಹುಲ್ಲು, ಒಣಗಿ ಹೊಂಬಣ್ಣಕ್ಕೆ ತಿರುಗಿದೆ. ಗಾಳಿ ಬಂದರೆ ನೆಲವೇ ಎದ್ದು ಹೊರಟಂತೆ ಕಾಣುತ್ತದೆ. ಇಲ್ಲಿ ಫೋನು ಹಿಡಿಯುವುದಿಲ್ಲ. ಮೂರು ದಿನಕ್ಕೊಮ್ಮೆ ಹಾಲಿನ ವ್ಯಾನು ಬರುತ್ತದೆ, ಕಾಗದ ಅದರ ಕೈಗೆ.

ನನಗೆ ದಾರಿ ತೋರಿಸುವುದು ಒಬ್ಬ ಮುದುಕಿ. ಎಲ್ಲರೂ ಮಂದೆಯಜ್ಜಿ ಅನ್ನುತ್ತಾರೆ. ಎಂಟುನೂರು ಕುರಿ, ಬಾಯಲ್ಲಿ ಉಳಿದದ್ದು ನಾಲ್ಕು ಹಲ್ಲು, ಆ ನಾಲ್ಕೂ ಹರಿತ. ಮೊದಲ ದಿನ ಬಿಸಿಲಿಗೆ ಸೋತು, "ಇಲ್ಲಿ ನೆರಳು ಎಲ್ಲಿ ಸಿಗುತ್ತೆ ಅಜ್ಜಿ?" ಅಂತ ಕೇಳಿದೆ. "ನಿನ್ನ ಕಾಲ ಬುಡದಲ್ಲೇ ಬಿದ್ದಿದೆಯಲ್ಲ ಮಗಾ, ಎಷ್ಟು ಬೇಕೋ ತಗೋ" ಅಂದಳು.

ಡಬ್ಬಿಯ ಮಣ್ಣು ಮೂಸಿ ನೋಡು. ಬಿತ್ತು. ಏನು ಬಂತು ಅಂತ ಬರಿ. ಅಮ್ಮನಿಗೆ ಕೆನ್ನೆಗೊಂದು ಮುತ್ತು ಕೊಡು, ಬೈದರೆ ನನ್ನ ಹೆಸರು ಹೇಳು.

ನಿನ್ನ ಮಗಳು


ನರ್ಸರಿ, ಸಸಿ ಮನೆ
ಏಪ್ರಿಲ್ 2

ಪುಟ್ಟಿ,

ಮುತ್ತು ಕೊಟ್ಟೆ. ಬೈದಳು. ನಿನ್ನ ಹೆಸರು ಹೇಳಿದೆ. ನಿನಗೂ ಬೈದಳು.

ಹಲಗೆಯ ಮೇಲೆ, ನೀನು ಹೋದಲ್ಲಿಂದೆಲ್ಲ ಕಳಿಸಿದ ಡಬ್ಬಿಗಳು ಸಾಲಾಗಿ ಕೂತಿವೆ. ನಾನು ಈ ಊರು ಬಿಟ್ಟು ಎಲ್ಲಿಗೂ ಹೋದವನಲ್ಲ, ಆದರೆ ಜಗತ್ತು ನನ್ನ ಕಿಟಕಿಗೆ ಬಂದು ಕೂತಿದೆ. ಉತ್ತರದ ತುದಿಯ ಹೆಪ್ಪುಗಟ್ಟಿದ ಬಯಲಿನ ಮಣ್ಣು ಬರುವಷ್ಟರಲ್ಲಿ ಕೆಸರಾಗಿತ್ತು. ಮೂರು ತಿಂಗಳಿಗೆ ಬೆರಳಗಲ ಪಾಚಿ ಬಂತು, ಅಷ್ಟೇ. ಅಲ್ಲಿ ಲೋಕದ ಬಿಸಿಗೆ ನೆಲವೇ ಕರಗಿ ಮನೆಗಳು ಕುಡುಕರಂತೆ ವಾಲಿವೆ ಅಂತ ನೀನು ಬರೆದಿದ್ದೆ. ಸೂಜಿಯೆಲೆ ಕಾಡಿನದು ಬೂದಿ ಬಣ್ಣ, ನಾಲಿಗೆಗೆ ಹುಳಿ. ಆ ಕಾಡನ್ನೆಲ್ಲ ಕಾಗದ ಮಾಡುತ್ತಿದ್ದಾರೆ ಅಂತ ನೀನು ಕಾಗದದ ಮೇಲೇ ಬರೆದು ಅತ್ತಿದ್ದೆ. ಮಳೆಕಾಡಿನ ಕೆಂಪು ಮಣ್ಣು ನೋಡಿ ನಾನು ದಂಗಾದೆ. ಅಷ್ಟು ದೊಡ್ಡ ಕಾಡು, ಇಷ್ಟು ಬಡ ಮಣ್ಣಾ? ಎರಡು ಸಲ ಹುರುಳಿ ಬಂತು, ಮೂರನೇ ಸಲ ಬಿಳಿಚಿಕೊಂಡು ಬಿತ್ತು. ಅಲ್ಲಿ ಆಸ್ತಿಯೆಲ್ಲ ಮರದ ಮೈಮೇಲೆ, ಮರ ಸುಟ್ಟವನಿಗೆ ಸಿಗೋದು ಖಾಲಿ ಪೆಟ್ಟಿಗೆ ಅಂದಿದ್ದೆ ನೀನು. ಎಲೆ ಉದುರಿಸುವ ಕಾಡಿನದು ಒಳ್ಳೆಯ ಗೊಬ್ಬರ. ಅದರ ಮೇಲೆಲ್ಲ ಪೇಟೆಗಳು ಕೂತಿವೆಯಂತೆ. ಇನ್ನು ಮರಳುಗಾಡಿನ ಡಬ್ಬಿಗೆ ನಾನು ಏನೂ ಬಿತ್ತಿರಲಿಲ್ಲ, ಬರೀ ನೀರು ಚಿಮುಕಿಸಿದ್ದೆ. ಒಂಬತ್ತನೇ ದಿನ ಹಳದಿ ಹೂ! ನಿಮ್ಮಮ್ಮ ಅಡುಗೆಮನೆಯಿಂದ ಓಡಿ ಬಂದು ಕುಣಿದಳು.

ಆದರೆ ಈ ನಿನ್ನ ಹುಲ್ಲುಗಾವಲಿನ ಮಣ್ಣು! ಇದು ಮಣ್ಣಲ್ಲ ಪುಟ್ಟಿ, ಬೆಣ್ಣೆ. ಕಪ್ಪಗೆ, ತಣ್ಣಗೆ, ಹಿಡಿದರೆ ಉಂಡೆ, ಬಿಟ್ಟರೆ ಪುಡಿ. ಏಳು ಮರದ ಬೀಜ ಹಾಕಿದೆ, ಏಳೂ ಎದ್ದವು. ಇಪ್ಪತ್ತು ದಿನಕ್ಕೆ ಗೇಣುದ್ದ! ನನ್ನ ಮೂವತ್ತೈದು ವರ್ಷದ ಕೆಲಸದಲ್ಲಿ ಇಂಥದ್ದು ಕಂಡಿಲ್ಲ.

ಜೂನ್ ಕೊನೆಗೆ ನನ್ನ ನಿವೃತ್ತಿ ಗೊತ್ತಲ್ಲ. ಹೋಗುವ ಮುಂಚೆ ಒಂದು ದೊಡ್ಡ ಕೆಲಸ ಮಾಡಿದ್ದೇನೆ. ಈಗ ಹೇಳಲ್ಲ.

ಅಪ್ಪ

(ಕೆಳಗೆ ಇನ್ನೊಂದು ಕೈಬರಹದಲ್ಲಿ:) ನಿಮ್ಮಪ್ಪ ಮೂರು ದಿನದಿಂದ ತಮ್ಮಷ್ಟಕ್ಕೆ ತಾವೇ ನಗ್ತಿದ್ದಾರೆ. ನನಗೆ ಭಯ ಆಗ್ತಿದೆ. ಅಮ್ಮ.


ನರ್ಸರಿ
ಏಪ್ರಿಲ್ 18

ಪುಟ್ಟಿ,

ನೀನು ಮಂದೆಯ ಹಿಂದೆ ಎಲ್ಲೋ ತಿರುಗುತ್ತಿದ್ದೀಯ, ಉತ್ತರ ಇಲ್ಲ. ನಾನು ಇನ್ನು ತಡೆದುಕೊಳ್ಳಲಾರೆ. ಕೇಳು.

ನನ್ನ ಮಡಿಗಳಲ್ಲಿ ನಲವತ್ತು ಸಾವಿರ ಸಸಿ ನಿಂತಿವೆ. ನನ್ನ ಕೊನೆಯ ತಂಡ. ಒಂದೊಂದನ್ನೂ ನನ್ನ ಕೈಯಲ್ಲೇ ಚೀಲಕ್ಕೆ ಹಾಕಿದ್ದು. ಬೆಟ್ಟ ಅಗೆಯಲು ಒಂದು ಕಂಪನಿ ಕಾಡು ಕಡಿಯಿತಲ್ಲ, ಕಡಿದಷ್ಟನ್ನು ಎಲ್ಲಾದರೂ ಮತ್ತೆ ನೆಡಬೇಕು ಅಂತ ಕಾನೂನು. ಅದಕ್ಕೇ ಈ ಸಸಿಗಳು. ಎಲ್ಲಿ ನೆಡೋದು ಅಂತ ಆರು ತಿಂಗಳಿಂದ ಜಾಗ ಹುಡುಕುತ್ತಿದ್ದರು. ನಮ್ಮ ಮೇಲಿನವರು ಗೊತ್ತಲ್ಲ, ಗುರಿ ಸಾಹೇಬರು. ಬಾಯಿ ಬಿಟ್ಟರೆ, "ಗುರಿ ಎಷ್ಟು, ಮುಟ್ಟಿದ್ದು ಎಷ್ಟು?" ಅವರ ಮುಂದೆ ನಿಂತು ಹೇಳಿದೆ: "ಸಾರ್, ಜಾಗ ನನ್ನ ಹತ್ತಿರ ಇದೆ!"

ಮಾರ್ಚ್ ಮೂವತ್ತಕ್ಕೆ ವರದಿ ಬರೆದುಕೊಟ್ಟೆ. "ಸ್ಥಳ ಪರಿಶೀಲಿಸಿದ್ದೇನೆ. ಮಣ್ಣು ಅತ್ಯುತ್ತಮ. ಮರ ಬೆಳೆಸಲು ಸರ್ವಥಾ ಯೋಗ್ಯ." ಸ್ಥಳಕ್ಕೆ ಹೋಗಿಲ್ಲ, ನಿಜ. ಆದರೆ ಅಲ್ಲಿನ ಮಣ್ಣು ನನ್ನ ಕಿಟಕಿಯಲ್ಲಿದೆ, ಅಲ್ಲಿ ನನ್ನ ಮಗಳಿದ್ದಾಳೆ. ಇನ್ನೇನು ಪರಿಶೀಲಿಸೋದು?

ನಿನ್ನೆ ಆದೇಶ ಬಂತು. ಮೇ ಇಪ್ಪತ್ತರಿಂದ ಗುಂಡಿ, ಜೂನ್ ಹತ್ತಕ್ಕೆ ನಾಟಿ. ನಿನ್ನ ಬಯಲಿನಲ್ಲಿ ನನ್ನ ಕಾಡು! ಇನ್ನು ಹತ್ತು ವರ್ಷಕ್ಕೆ ಮಂದೆಯಜ್ಜಿಯ ಹತ್ತಿರ ನೆರಳು ಕೇಳಬೇಕಾಗಿಲ್ಲ ನೀನು.

ಕುಣಿಯುತ್ತಿರುವ ಅಪ್ಪ


ಬಯಲು ಶಿಬಿರ
ಏಪ್ರಿಲ್ 27

ಅಪ್ಪ,

ನಿನ್ನ ಕಾಗದ ಓದಿದೆ.

ಮೊದಲು ನನ್ನ ತಪ್ಪು. ಮಣ್ಣು ಕಳಿಸಿದೆ, ಆ ಮಣ್ಣು ಯಾರು ಮಾಡಿದ್ದು ಅಂತ ಬರೆಯಲಿಲ್ಲ. ಹುಲ್ಲು ಮಾಡಿದ್ದಪ್ಪ. ಸಾವಿರಾರು ವರ್ಷ ಸತ್ತು, ಹುಟ್ಟಿ, ಮತ್ತೆ ಸತ್ತು, ತನ್ನ ಬೇರನ್ನೇ ನೆಲಕ್ಕೆ ತಿನ್ನಿಸಿ ಮಾಡಿದ ಬೆಣ್ಣೆ ಅದು. ನೀನು ಬೆಣ್ಣೆ ನೋಡಿ ಮೆಚ್ಚಿ, ಹಸುವನ್ನು ಕಡಿಯಲು ಬರೆದುಕೊಟ್ಟಿದ್ದೀಯ.

ಈಗ ನಿನ್ನ ತಪ್ಪು. ನೋಡದ ನೆಲಕ್ಕೆ ಸಹಿ ಹಾಕಿದ್ದೀಯ. ಅದನ್ನೇ ಮಾಡುವವರ ವಿರುದ್ಧ ಜೀವನವಿಡೀ ಕೂಗಿದವನು ನೀನು!

ಕಡತದಲ್ಲಿ ಈ ನೆಲದ ಹೆಸರು ಏನು ಗೊತ್ತಾ? ಪಾಳು. ಬರೆದವರು ಯಾರು? ಇಲ್ಲಿ ಅರ್ಧ ದಿನ ಕೂರದವರು. ಎಂಟುನೂರು ಕುರಿ ಮೇಯುವ, ನರಿ ಮರಿ ಹಾಕುವ, ಇಪ್ಪತ್ತಾರು ಜಾತಿಯ ಹುಲ್ಲು ಎಣಿಸಿ ನನ್ನ ಪುಸ್ತಕ ಮುಗಿದುಹೋದ ಜಾಗ ಪಾಳಂತೆ. ಮರ ಇಲ್ಲ ಅನ್ನೋದೇ ಇದರ ಅಪರಾಧ. ಮಳೆಕಾಡು ಕಡಿದರೆ ಲೋಕ ಅಳುತ್ತದೆ, ಅಳಲಿ, ಅಳಬೇಕು. ಹಿಮ ಕರಗಿದರೆ ಅಳುತ್ತದೆ. ಹುಲ್ಲು ಸತ್ತರೆ ಮಾತ್ರ ಚಪ್ಪಾಳೆ ತಟ್ಟುತ್ತದೆ, ಯಾಕಂದರೆ ಕೊಲ್ಲುವುದು ಗಿಡ ನೆಟ್ಟು! ಆ ಕಂಪನಿ ಅಲ್ಲೊಂದು ಕಾಡು ನುಂಗಿತು. ಈಗ ಇಲ್ಲೊಂದು ಬಯಲು ನುಂಗಿ ಬಾಯಿ ಒರೆಸಿಕೊಳ್ಳುತ್ತದೆ. ಎರಡು ಕೊಲೆ ಮಾಡಿ ಪುಣ್ಯದ ಪತ್ರ ತೆಗೆದುಕೊಳ್ಳುತ್ತದೆ. ಆ ಪತ್ರದ ಕೆಳಗೆ ಸಹಿ ಯಾರದು? ನನ್ನ ಅಪ್ಪನದು.

ಮನುಷ್ಯ ಮುಟ್ಟಿದ್ದೆಲ್ಲ ಹಾಳು ಅಂತ ನಾನು ಹೇಳುತ್ತಿಲ್ಲ. ಈ ಬಯಲು ಉಳಿದಿರುವುದೇ ಮಂದೆಯಜ್ಜಿಯಂಥವರು ಮೇಯಿಸಿ, ಮುಂದಕ್ಕೆ ಹೊಡೆದು, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟಿದ್ದರಿಂದ. ಅವಳಿಗೆ ನಿನ್ನ ಕಾಗದ ಓದಿ ಹೇಳಿದೆ. "ಒಳ್ಳೆ ಮನುಷ್ಯ ಇರಬೇಕು ನಿಮ್ಮಪ್ಪ" ಅಂದಳು. ಬೈದಿದ್ದರೆ ವಾಸಿಯಿತ್ತು.

ನನಗೆ ಏಳು ವರ್ಷ ಇದ್ದಾಗ ರಸ್ತೆ ಮರಗಳಿಗೆ ಗರಗಸ ಬಂತು. ನೀನು ನನ್ನನ್ನು ಒಂದು ಮರದ ಬುಡದಲ್ಲಿ ಕೂರಿಸಿ, "ಏಳಬೇಡ, ಯಾರು ಹೇಳಿದರೂ ಏಳಬೇಡ" ಅಂದೆ. ಮೇ ಇಪ್ಪತ್ತಕ್ಕೆ ನಾನು ಇಲ್ಲಿ ಕೂರುತ್ತೇನೆ. ಎದುರಿಗೆ ಬರುವುದು ಗರಗಸ ಅಲ್ಲ, ನಿನ್ನ ಸಸಿ. ನೀನು ಹೇಳಿದರೂ ಏಳುವುದಿಲ್ಲ.

ಕೋಪದಿಂದ, ಆದರೂ ನಿನ್ನ ಮಗಳೇ


ಮನೆ
ಮೇ 8

ಮಗಳೇ,

ಕಾಗದ ಬಂತು. ನಿಮ್ಮಪ್ಪ ಓದಿದರು. ಮಡಿಸಿದರು. ಮತ್ತೆ ಬಿಚ್ಚಿ ಓದಿದರು. ಆಮೇಲೆ ನರ್ಸರಿಗೆ ಹೋಗಿ ನಲವತ್ತು ಸಾವಿರ ಸಸಿಗೂ ಒಬ್ಬರೇ ನೀರು ಹಾಯಿಸಿದರು. ಕೆಲಸದವರು ಪೈಪು ಕೇಳಿದರೆ ಕೊಡಲಿಲ್ಲವಂತೆ.

ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳು ನಾನು, ಯಾರು ಯಾವ ಸ್ಟಾಪಿನಲ್ಲಿ ಇಳಿಯುತ್ತಾರೆ ಅಂತ ಮುಖ ನೋಡಿ ಹೇಳುತ್ತೇನೆ. ಇವರು ಇಳಿಯಬೇಕು ಅಂತ ಎದ್ದು ನಿಂತಿದ್ದಾರೆ, ಸ್ಟಾಪ್ ಕೇಳೋಕೆ ನಾಚಿಕೆ.

ಇವತ್ತು ಬೆಳಿಗ್ಗೆ ಗುದ್ದಲಿ ಹೆಗಲ ಮೇಲೆ ಹಾಕಿಕೊಂಡು ಹೊರಟವರು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ನರ್ಸರಿಯಲ್ಲೂ ಇಲ್ಲ. ನಿಲ್ದಾಣದಲ್ಲಿರುವ ನನ್ನ ಹಳೇ ಗೆಳತಿ ಹೇಳಿ ಕಳಿಸಿದಳು, ನಿನ್ನ ಕಡೆಯ ಬಸ್ಸು ಹತ್ತಿದರಂತೆ. ಗುದ್ದಲಿಗೂ ಒಂದು ಸೀಟು ಹಿಡಿದಿದ್ದರಂತೆ.

ಬಂದರೆ ಮೊದಲು ಊಟ ಹಾಕು, ಆಮೇಲೆ ಜಗಳ. ಹಸಿದ ಹೊಟ್ಟೆಯಲ್ಲಿ ನೀವಿಬ್ಬರೂ ಮನುಷ್ಯರಲ್ಲ.

ಅಮ್ಮ


ಬಯಲು ಶಿಬಿರ
ಮೇ 14

ಅಮ್ಮ,

ನಿನ್ನ ಕಾಗದಕ್ಕಿಂತ ಮೊದಲು ನಿನ್ನ ಗಂಡ ಬಂದರು. ಹಾಲಿನ ವ್ಯಾನಿನ ಹಿಂದೆ, ಕ್ಯಾನುಗಳ ನಡುವೆ, ಗುದ್ದಲಿ ತಬ್ಬಿಕೊಂಡು. ಇಳಿದವರು ಹೇಗಿದ್ದೀಯ ಅನ್ನಲಿಲ್ಲ. "ಎಲ್ಲಿ?" ಅಂದರು. ಕೈ ಬೀಸಿ ತೋರಿಸಿದೆ. ಎಲ್ಲ ದಿಕ್ಕಿಗೂ.

ಊಟ ಹಾಕಿದೆ. ತಿನ್ನಲಿಲ್ಲ. ಹೊರಟೇಬಿಟ್ಟರು. ಮಂದೆಯಜ್ಜಿ ಕೋಲೂರಿಕೊಂಡು ಹಿಂದೆ. ನಿನಗೆ ಗೊತ್ತಲ್ಲ, ಅಪ್ಪ ಯಾವಾಗಲೂ ತಲೆ ಎತ್ತಿ ನಡೆಯುವವರು, ಮರ ನೋಡಿ ನೋಡಿ ಅಭ್ಯಾಸ. ಅಜ್ಜಿ ಒಮ್ಮೆಗೇ ಕೂಗಿದಳು: "ಕಾಲೆತ್ತು! ಕಾಲೆತ್ತು ಮಾರಾಯಾ!" ಅಪ್ಪ ಒಂಟಿ ಕಾಲಲ್ಲಿ ನಿಂತರು. ಕೆಳಗೆ ಹುಲ್ಲಿನ ನಡುವೆ ನಾಲ್ಕು ಮೊಟ್ಟೆ, ಮಣ್ಣಿನದೇ ಬಣ್ಣ.

"ಈ ಹಕ್ಕಿ ನೆಲದ ಮೇಲಾ ಮೊಟ್ಟೆ ಇಡೋದು?"

"ಮತ್ತೆ ನಿನ್ನ ತಲೆ ಮೇಲೆ ಇಡುತ್ತಾ? ನಿನ್ನ ಮರ ಬಂದರೆ ಅದರ ಮೇಲೆ ಗಿಡುಗ ಬಂದು ಕೂರುತ್ತೆ. ಗಿಡುಗ ಕೂತ ಕಡೆ ಇದು ತಲೆ ಹಾಕಲ್ಲ."

ಅಪ್ಪ ಒಂಟಿ ಕಾಲಲ್ಲೇ ಬಹಳ ಹೊತ್ತು ನಿಂತಿದ್ದರು ಅಮ್ಮ. ಕಾಲಿಡೋಕೆ ಜಾಗ ಹುಡುಕುತ್ತಿದ್ದರು.

ಆಮೇಲೆ ಅವರ ಮಾಮೂಲಿ ಪರೀಕ್ಷೆ. ಒಂದು ಕೊಡ ನೀರು ತರಿಸಿ, ಹುಲ್ಲಿನ ಬುಡಕ್ಕೆ ಸುರಿದರು. ಗಡಿಯಾರ ನೋಡಬೇಕು ಅನ್ನುವಷ್ಟರಲ್ಲಿ ನೀರು ಮಾಯ. ಇನ್ನೊಂದು ಕೊಡ. ಅದೂ ಮಾಯ. "ಎಲ್ಲಿಗೆ ಹೋಗ್ತಿದೆ ಇದು?" ಅಂತ ಗುದ್ದಲಿ ಹಿಡಿದರು. ಮೊಟ್ಟೆಯಿಂದ ಬಲು ದೂರ ಹೋಗಿ, ಒಂದೇ ಒಂದು ಹುಲ್ಲಿನ ಬೇರು ಹಿಡಿದು ಅದರ ಜೊತೆ ಕೆಳಗೆ ಹೊರಟರು. ಮೊಣಕಾಲು. ಸೊಂಟ. ಎದೆ. ಎರಡು ದಿನ ತೋಡಿದರು. ನಾನು ಮಣ್ಣು ಎಳೆದು ಹಾಕುತ್ತಿದ್ದೆ. ಸುತ್ತ ಕುರಿಗಳು ನಿಂತು ನೋಡುತ್ತಿದ್ದವು.

"ಗಿಡದಪ್ಪಾ, ಈ ಗುಂಡಿ ಗಿಡಕ್ಕಾ, ನಿನಗಾ?" ಅಂದಳು ಅಜ್ಜಿ, ಅಪ್ಪನ ತಲೆ ಮಾತ್ರ ಕಾಣುತ್ತಿದ್ದಾಗ.

ಕೆಳಗಿನಿಂದ ನಗು ಕೇಳಿಸಿತು ಅಮ್ಮ. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. "ಇನ್ನೂ ಹೋಗ್ತಿದೆ ಕಣೇ! ನನ್ನ ಕಾಲ ಕೆಳಗೆ ಇನ್ನೂ ಹೋಗ್ತಿದೆ! ಮೂವತ್ತೈದು ವರ್ಷ ಮೇಲೆ ನೋಡಿಕೊಂಡೇ ತಿರುಗಿದೆ, ಕಾಡು ಕೆಳಗಿತ್ತು!" ನಾನು ಕೈ ಕೊಟ್ಟು ಎಳೆದೆ. ಮೇಲೆ ಬಂದು ಕೂತರು. ಆಗ ನಗು ನಿಂತಿತು. "ಸ್ಥಳ ಪರಿಶೀಲಿಸಿದ್ದೇನೆ ಅಂತ ಬರೆದೆ ಪುಟ್ಟಿ" ಅಂದರು. "ನನ್ನ ಕೈಯಲ್ಲೇ."

ಆಮೇಲೆ ಇಬ್ಬರೂ ಸೇರಿ ಗುಂಡಿ ಮುಚ್ಚಿದೆವು. ಸರಿಯಾಗಿ ಊಟ ಆಗ ಮಾಡಿದರು, ಮೂರು ಸಲ ಹಾಕಿಸಿಕೊಂಡರು.

ನಾಳೆಯ ವ್ಯಾನಿಗೆ ಹೊರಡುತ್ತಾರೆ. ಸುಳ್ಳು ಸಹಿ ಒಪ್ಪಿಕೊಂಡರೆ ಕೊನೆಯ ತಿಂಗಳಲ್ಲಿ ಹೆಸರು ಕೆಡುತ್ತದೆ. ಒಪ್ಪಿಕೊಳ್ಳದಿದ್ದರೆ ಈ ಬಯಲು ಹೋಗುತ್ತದೆ. ನಾನು ಏನೂ ಕೇಳಿಲ್ಲ. ನೀನೂ ಕೇಳಬೇಡ.

ನಿನ್ನ ಮಗಳು


(ನಕಲು)
ಮೇ 17

ಇವರಿಗೆ: ಸಸಿ ನೆಡುವ ಯೋಜನೆಯ ಮುಖ್ಯಸ್ಥರು
ವಿಷಯ: ನನ್ನ ಸುಳ್ಳು

ಮಾನ್ಯರೇ,

ಮಾರ್ಚ್ 30ರ ವರದಿಯಲ್ಲಿ "ಸ್ಥಳ ಪರಿಶೀಲಿಸಿದ್ದೇನೆ" ಎಂದು ಬರೆದಿದ್ದೆ. ಪರಿಶೀಲಿಸಿರಲಿಲ್ಲ. ಒಂದು ಡಬ್ಬಿ ಮಣ್ಣು ನೋಡಿ ಬರೆದೆ. ಆದ್ದರಿಂದ ಆ ವರದಿ ಊರ್ಜಿತವಲ್ಲ, ಅದರ ಮೇಲೆ ಹೊರಟ ಆದೇಶವೂ ಊರ್ಜಿತವಲ್ಲ.

ಈಗ ಪರಿಶೀಲಿಸಿದ್ದೇನೆ. ಆ ಜಾಗ ಪಾಳಲ್ಲ, ಹುಲ್ಲುಗಾವಲು. ಮರ ಇಲ್ಲದ್ದು ಅದರ ಕೊರತೆಯಲ್ಲ, ಅದರ ಸ್ವಭಾವ. ಅಲ್ಲಿ ಮರ ನೆಡುವುದು ನೆಡುವುದಲ್ಲ, ಕೀಳುವುದು.

ಸಸಿಗಳು ಚೀಲದಲ್ಲಿ ಜೂನ್ ಕೊನೆಯವರೆಗೆ ತಡೆಯುತ್ತವೆ, ಆಮೇಲೆ ಬೇರು ಸುತ್ತಿಕೊಂಡು ತಮ್ಮ ಕುತ್ತಿಗೆ ತಾವೇ ಬಿಗಿದುಕೊಳ್ಳುತ್ತವೆ. ಅವಕ್ಕೆ ಜಾಗ ಬೇಕು. ಜಾಗ ಇದೆ. ಯಾವ ಬೆಟ್ಟದ ಕಾಡು ಕಡಿದರೋ ಅದೇ ಬೆಟ್ಟದ, ಅಗೆದು ಮುಗಿಸಿ ಬಿಟ್ಟ ದಕ್ಷಿಣದ ಇಳಿಜಾರು. ಕಿತ್ತ ಕಡೆಯೇ ನೆಡಿ. ಇಷ್ಟು ಸರಳ ಮಾತಿಗೆ ಒಬ್ಬ ಮುದುಕ ಎರಡು ದಿನ ಗುಂಡಿ ತೋಡಬೇಕಾಯಿತು ಎಂದು ನಾಚಿಕೆಯಾಗುತ್ತದೆ.

ನನ್ನ ಮೇಲೆ ಯಾವ ಕ್ರಮವನ್ನಾದರೂ ತೆಗೆದುಕೊಳ್ಳಿ. ಬೇಗ ತೆಗೆದುಕೊಳ್ಳಿ, ಇನ್ನು ಆರು ವಾರ ಮಾತ್ರ ನಾನು ನಿಮ್ಮ ಕೈಗೆ ಸಿಗುವುದು.

ನರ್ಸರಿ ಮೇಲ್ವಿಚಾರಕ

(ನಕಲಿನ ಅಂಚಿನಲ್ಲಿ:) ಪುಟ್ಟಿ, ಇದನ್ನು ಅಮ್ಮನಿಗೆ ಓದಿ ಹೇಳಿದೆ. "ಸ್ಟಾಪ್ ಬಂತು, ಇಳೀರಿ" ಅಂದಳು. ಏನೋ ನನಗೆ ಅರ್ಥವಾಗಲಿಲ್ಲ. ಇಪ್ಪತ್ತರೊಳಗೆ ಇದು ಸಾಹೇಬರ ಮೇಜಿನಿಂದ ಕದಲುತ್ತೋ ಇಲ್ಲವೋ. ಕೂರುವುದಾದರೆ ಗಟ್ಟಿಯಾಗಿ ಕೂರು.


ಬಯಲು ಶಿಬಿರ
ಜೂನ್ 12

ಅಪ್ಪ,

ಕದಲಲಿಲ್ಲ. ಇಪ್ಪತ್ತಕ್ಕೆ ಸರಿಯಾಗಿ ಗುಂಡಿ ತೋಡುವ ಯಂತ್ರಗಳು ಬಂದವು, ಮೂರು. ಗುಂಡಿಗೆ ಅಂತ ಎಳೆದಿದ್ದ ಗೆರೆಯ ಮೇಲೆ ನಾವು ಮೊದಲೇ ಕೂತಿದ್ದೆವು. ನಾವು ಅಂದರೆ ಸುತ್ತಲಿನ ಮಂದೆಯವರೆಲ್ಲ ಸೇರಿ ನಲವತ್ತು ಜನ, ಎಂಟುನೂರು ಕುರಿ. ಯಂತ್ರದವನು ಇಳಿದು ಬಂದು, "ಅಜ್ಜಿ, ನಾನು ಹೊಟ್ಟೆಪಾಡಿಗೆ ಬಂದವನು, ದಾರಿ ಬಿಡಿ" ಅಂದ. "ನನ್ನನ್ನ ಕೇಳಬೇಡ, ಅವರನ್ನ ಕೇಳು" ಅಂತ ಅಜ್ಜಿ ಕುರಿಗಳನ್ನು ತೋರಿಸಿದಳು. ಅವನು ಒಂದು ಕಡೆ ಓಡಿಸಿದರೆ ಅವು ಇನ್ನೊಂದು ಕಡೆಯಿಂದ ಬಂದು ಮಲಗಿದವು. ಮಧ್ಯಾಹ್ನದ ಹೊತ್ತಿಗೆ ಅವನೂ ನಮ್ಮ ಜೊತೆ ಕೂತು ಊಟ ಮಾಡಿದ. ಎರಡನೇ ದಿನ ತನ್ನ ಹೆಂಡತಿಯನ್ನೂ ಕರೆದುಕೊಂಡು ಬಂದ, ನೋಡೋಕೆ ಚೆನ್ನಾಗಿದೆ ಅಂತ.

ನಾನು ಅಷ್ಟು ಕೂಗಿ ಎಷ್ಟು ವರ್ಷವಾಗಿತ್ತೋ! ಗಂಟಲು ಹೋಯಿತು, ಆಮೇಲೆ ಕುರಿಗಳೇ ಕೂಗಿದವು.

ಮೂರನೇ ದಿನ ಸಂಜೆ ತಡೆ ಆದೇಶ ಬಂತು. ನಿನ್ನ ಕಾಗದದ ಮೇಲೆ. ವರದಿ ಸುಳ್ಳು ಅಂತ ಬರೆದವನೇ ಒಪ್ಪಿಕೊಂಡ ಮೇಲೆ ಅವರಿಗೆ ನಿಲ್ಲಲು ನೆಲವಿರಲಿಲ್ಲ. ಮೊನ್ನೆ ಕೊನೆಯ ಆದೇಶವೂ ಬಂತು. ಪಾಳು ಪಟ್ಟಿಯಿಂದ ಈ ಬಯಲು ಹೊರಗೆ. ಈ ಬಯಲು ಮಾತ್ರ. ಪಟ್ಟಿಯಲ್ಲಿ ಇನ್ನೂ ಹನ್ನೊಂದು ಬಯಲುಗಳಿವೆ. ಅಲ್ಲಿಗೂ ಹೋಗಬೇಕು. ಅಜ್ಜಿ, "ಕುರಿ ಬೇಕಿದ್ದರೆ ಕೇಳು" ಅಂದಿದ್ದಾಳೆ.

ನಾಟಿಯ ದಿನ ಅಂತ ಗುರುತು ಹಾಕಿದ್ದ ಜೂನ್ ಹತ್ತಕ್ಕೇ ಮಳೆ ಬಂತು ಅಪ್ಪ. ಎರಡೇ ದಿನ. ಹೊಂಬಣ್ಣದ ಬುಡದಲ್ಲೆಲ್ಲ ಹಸಿರು ಇಣುಕಿದೆ. ನಾವು ಮಳೆಯಲ್ಲಿ ಹುಚ್ಚರ ಹಾಗೆ ಓಡಿದೆವು. ನಾನು ಎರಡು ಸಲ ಬಿದ್ದೆ.

ಆದರೆ ನಿನ್ನನ್ನು ಅಮಾನತು ಮಾಡಿದ್ದಾರೆ, ವಿಚಾರಣೆ ಇದೆ ಅಂತ ಅಮ್ಮ ಬರೆದಿದ್ದಾಳೆ. ಮೂವತ್ತೈದು ವರ್ಷದ ಕೊನೆಗೆ ಇದು. ನಾನು ಆ ಡಬ್ಬಿ ಕಳಿಸದಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಗೆದ್ದು ಕೂತವಳಿಗೆ ಊಟ ಸೇರುತ್ತಿಲ್ಲ. ಬೇಗ ಬರಿ.

ನಿನ್ನ ಮಗಳು


ಮನೆ
ಜುಲೈ 2

ಪುಟ್ಟಿ,

ಊಟ ಮಾಡು. ಮಾಡಿ ಓದು.

ಮೊದಲು ಸಸಿಗಳು. ಮಳೆ ಮುಗಿಯುವುದರೊಳಗೆ ಎಲ್ಲಾದರೂ ನೆಡದಿದ್ದರೆ ಕಂಪನಿಗೆ ಅಗೆಯುವ ಪರವಾನಗಿಯೇ ಹೋಗುತ್ತಿತ್ತು. ಬೇರೆ ದಾರಿ ಕಾಣದೆ ದಕ್ಷಿಣದ ಇಳಿಜಾರು ಬಿಟ್ಟುಕೊಟ್ಟರು. ಕಳೆದ ವಾರ ಮೂರು ದಿನ ನಾಟಿ. ಬೆಟ್ಟದ ಕೆಳಗಿನ ಹಳ್ಳಿಗಳಿಂದ ಮುನ್ನೂರು ಜನ ಬಂದರು, ಕಾಡು ಕಡಿದಾಗ ಅತ್ತವರೇ. ನಾನು ಅಮಾನತ್ತಿನಲ್ಲಿರುವ ನೌಕರ, ಕಚೇರಿಯ ಆಸ್ತಿ ಮುಟ್ಟುವಂತಿಲ್ಲ. ಹಗ್ಗ ಕಟ್ಟಿ ನನ್ನನ್ನು ಹೊರಗೆ ನಿಲ್ಲಿಸಿದರು. ಬಾಯಿಗೆ ಹಗ್ಗ ಕಟ್ಟಲಿಲ್ಲವಲ್ಲ! "ಅಷ್ಟು ಆಳ ಬೇಡ! ಚೀಲ ಹರಿಯೋ! ಚೀಲದ ಸಮೇತ ಇಡ್ತೀಯಲ್ಲ, ನಿನ್ನನ್ನ ಚೀಲದಲ್ಲಿ ಕಟ್ಟಿ ಹೂಳಲಾ?" ನಿಮ್ಮಮ್ಮ ತನ್ನ ಹಳೇ ಸೀಟಿ ತಂದಿದ್ದಳು. ಒಂದು ಸೀಟಿಗೆ ಸಾಲು ಮುಂದಕ್ಕೆ, ಎರಡಕ್ಕೆ ನಿಲುಗಡೆ. ಕಂಪನಿಯ ಮ್ಯಾನೇಜರ್ ಕೂಡ ಎರಡು ಸೀಟಿಗೆ ನಿಂತ.

ಆರು ಸಾವಿರ ಸಸಿಗಳ ಬೇರು ಅಷ್ಟರಲ್ಲಿ ಸುತ್ತಿಕೊಂಡುಬಿಟ್ಟಿತ್ತು. ಅವು ಹೋದವು. ಮಾರ್ಚಿನಲ್ಲೇ ನಾನು ಸರಿಯಾದ ಜಾಗ ಹೇಳಿದ್ದರೆ ಉಳಿಯುತ್ತಿದ್ದವು. ಉಳಿದವು ನಿಂತಿವೆ. ಅದು ಕಾಡಾಯಿತು ಅಂತ ಸುಳ್ಳು ಹೇಳಲ್ಲ. ಬಗೆದ ಬೆಟ್ಟ, ನನ್ನ ಕಾಲದಲ್ಲಿ ಆಗುವುದಲ್ಲ, ನಿನ್ನ ಕಾಲದಲ್ಲೂ ಕಷ್ಟ. ಆದರೆ ಎಲ್ಲಿ ಮರ ಇರಬೇಕೋ ಅಲ್ಲಿ ಮರ ಇದೆ, ಎಲ್ಲಿ ಹುಲ್ಲು ಇರಬೇಕೋ ಅಲ್ಲಿ ಹುಲ್ಲು.

ಈಗ ವಿಚಾರಣೆ. ಮೂರು ಜನ, ಒಂದು ಫ್ಯಾನು, ಒಂದು ಫಾರಂ.

"ಸ್ಥಳಕ್ಕೆ ಹೋಗದೆ ಸಹಿ ಹಾಕಿದ್ದು ನಿಜವೇ?"

"ನಿಜ."

"ಕಾರಣ?"

"ಮಗಳ ಮೇಲಿನ ಪ್ರೀತಿ."

ಬರೆದುಕೊಳ್ಳುತ್ತಿದ್ದವರು ಪೆನ್ನು ಎತ್ತಿದರು. "ಇಲ್ಲಿ ಪ್ರೀತಿ ಅಂತ ಬರೆಯೋಕಾಗಲ್ಲ ಮೇಲ್ವಿಚಾರಕರೇ. ಅಜಾಗರೂಕತೆ, ಒತ್ತಡ, ಅನಾರೋಗ್ಯ, ಮೂರೇ ಇರೋದು. ಒಂದು ಹೇಳಿ."

"ಹಾಗಾದರೆ ನಾಲ್ಕನೇದು ಸೇರಿಸಿ."

ಒಂದು ಗಂಟೆ ವಾದ ಮಾಡಿದೆವು. ಕೊನೆಗೆ, "ಅಜಾಗರೂಕತೆ (ಪ್ರೀತಿಯಿಂದ)" ಅಂತ ಬರೆದುಕೊಂಡರು. ನೀನು ಡಬ್ಬಿ ಕಳಿಸಿದ್ದು ತಪ್ಪು ಅಂತ ಇನ್ನೊಂದು ಸಲ ಬರೆದರೆ ನಿನ್ನ ಮೇಲೂ ಇದೇ ಫಾರಂ ತುಂಬಿಸುತ್ತೇನೆ.

ಜೂನ್ ಮೂವತ್ತು ನನ್ನ ಕೊನೆಯ ದಿನ. ಬೀಳ್ಕೊಡುಗೆ ರದ್ದು ಅಂತ ಮೊದಲೇ ನೋಟಿಸು ಅಂಟಿಸಿದ್ದರು. ಬೇಜಾರಾಗಿತ್ತು, ನಿನ್ನ ಹತ್ತಿರ ಮುಚ್ಚುಮರೆ ಏಕೆ. ಶಿಕ್ಷೆ ಏನು ಗೊತ್ತಾ? ಛೀಮಾರಿ. ಎಲ್ಲ ಕೆಲಸಗಾರರನ್ನೂ ಸೇರಿಸಿ, ನನ್ನನ್ನು ಎದುರಿಗೆ ನಿಲ್ಲಿಸಿ, ಗಟ್ಟಿಯಾಗಿ ಓದಬೇಕು ಅಂತ ನಿಯಮವಂತೆ. ಸೇರಿದರು. ಅರವತ್ತು ಜನ, ಕೈಕಾಲಿಗೆಲ್ಲ ಮಣ್ಣು. ನಿಮ್ಮಮ್ಮ ಬೇಲಿಯ ಹೊರಗೆ. ಗುರಿ ಸಾಹೇಬರು ಕನ್ನಡಕ ಏರಿಸಿ ಶುರು ಮಾಡಿದರು.

"ಸದರಿ ನೌಕರರು ನಲವತ್ತು ಸಾವಿರ ಸಸಿಗಳನ್ನು ಹುಲ್ಲುಗಾವಲಿಗೆ ಕಳಿಸಲು ನಿರಾಕರಿಸಿ..."

ಚಪ್ಪಾಳೆ! ಸಾಹೇಬರು ತಲೆ ಎತ್ತಿದರು, ಮತ್ತೆ ಓದಿದರು.

"ಮೇಲಧಿಕಾರಿಗಳಿಗೆ 'ಕಿತ್ತ ಕಡೆಯೇ ನೆಡಿ' ಎಂದು ಉದ್ಧಟತನದಿಂದ ಬರೆದು..."

ಸೀಟಿ, ಕೂಗು, ಯಾರೋ ನೀರಿನ ಡಬ್ಬ ಬಡಿದರು. "ಸೈಲೆನ್ಸ್! ಇದು ಛೀಮಾರಿ!" ಅಂತ ಸಾಹೇಬರು ಮೇಜು ತಟ್ಟಿದರು. ಮೂರು ಸಲ ನಿಲ್ಲಿಸಿ ನಿಲ್ಲಿಸಿ, ಬೆವರು ಒರೆಸಿಕೊಂಡು, ಹೇಗೋ ಕೊನೆಗೆ ಮುಟ್ಟಿಸಿದರು.

ಆಗ ಸಸಿ ಮಡಿ ಕೆಲಸದ ದೊಡ್ಡಕ್ಕ ಎದ್ದು ನಿಂತು ಕೈ ಮುಗಿದಳು. "ಸಾರ್, ತುಂಬಾ ಚೆನ್ನಾಗಿ ಬರೆದಿದ್ದೀರಿ. ಹಿಂದೆ ನಿಂತವರಿಗೆ ಕೇಳಿಸಲಿಲ್ಲ. ಮೊದಲಿಂದ ಓದಿ."

ಸಾಹೇಬರು ಅರವತ್ತು ಮುಖ ನೋಡಿದರು. ಬೇಲಿಯಾಚೆ ನಿಮ್ಮಮ್ಮನ ಮುಖ ನೋಡಿದರು. ಪಾಪ, ಮೊದಲಿಂದ ಓದಿದರು.

ಎರಡು ಸಲ ಛೀಮಾರಿ ತಿಂದ
ನಿನ್ನ ಅಪ್ಪ